ಲ್ಯಾಂಡ್ ಅಂದರೆ ಜಮೀನು

ನಮ್ಮ ಪಕ್ಕದ ಮನೆಯ ಜಯಕ್ಕ ತೊಣ್ಣೂರು ಕೆರೆಯ ಕೆಳಗಿದ್ದ ತನ್ನ ಗದ್ದೆಯನ್ನು ಕಳೆದುಕೊಂಡದ್ದು ನನ್ನಿಂದ. ನಾನು ಆಡಿದ ಒಂದು ಮಾತಿನಿಂದ. ಆ ಮಾತು ಸುಳ್ಳೂ ಅಲ್ಲ — ನಿಘಂಟು ತೆಗೆದು ನೋಡಿದರೆ ನಾನು ಹೇಳಿದ್ದೇ ಸರಿ. ಇಷ್ಟು ವರ್ಷ ನಾನು ತಲೆಯೆತ್ತಿ ಓಡಾಡಿದ್ದು ಆ ನಿಘಂಟಿನ ಮರೆಯಲ್ಲಿ.

ಆ ದಿನದ ಬೆಳಿಗ್ಗೆಯೂ ಎಲ್ಲ ದಿನದಂತೆಯೇ ಇತ್ತು. ಪಾಂಡವಪುರದ ನಮ್ಮ ಬೀದಿಗೆ ನಲ್ಲಿ ನೀರು ಬಂದಿತ್ತು. ಕೊಡ ತುಂಬಿಸಿ, ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆದು, ಹಾಲು ಕಾಯಲಿಟ್ಟು, ದೋಸೆ ಹಂಚಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತಿದ್ದೆ. ನಮ್ಮವರು ಹಜಾರದಲ್ಲಿ ಮೊಬೈಲಿಗೆ ಮುಖ ಕೊಟ್ಟು ಕುಳಿತಿದ್ದರು. ಕೊಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳಿಗೆ ಗುರುತ್ವಾಕರ್ಷಣೆ ಕಲಿಸುವ ಮನುಷ್ಯ. ಆದರೆ ಬೆಳಗಾದರೆ ದೇವರ ಗೂಡಿಗೆ ಕೈಮುಗಿಯುವ ಮೊದಲು ಅವರು ತೆರೆಯುತ್ತಿದ್ದದ್ದು ಆ ಗುಂಪನ್ನು.

ಆ ಗುಂಪಿನ ವಿಷಯ ಹೇಳಬೇಕು. ಹೇಳುವಾಗ ತುಟಿ ಸೊಟ್ಟಗಾದರೆ ಕ್ಷಮಿಸಿ. ಅದು ನನಗೆ ಇನ್ನೂ ಹೋಗಿಲ್ಲ.

ಶ್ರೀರಂಗಪಟ್ಟಣದ ಆಚೆ ಹೆದ್ದಾರಿಯ ಬದಿಯಲ್ಲಿ ನೀರಾಟ, ಜಾರುಬಂಡೆ, ತೊಟ್ಟಿಲುಗಳ ಒಂದು ಪಾರ್ಕು ಇದೆ. ಅವರು ಅಂತರಿಕ್ಷದ ಸಿನಿಮಾಗಳ ಮೇಲೆ ಒಂದು ಹೊಸ ‘ಲ್ಯಾಂಡ್’ ಕಟ್ಟುತ್ತೇವೆ ಎಂದು ಗೇಟಿನ ಪಕ್ಕ ಬೋರ್ಡು ಹಾಕಿದರು. ಅಷ್ಟೇ, ಬೋರ್ಡು. ಇಂಥ ಪಾರ್ಕುಗಳ ಭಾಷೆಯಲ್ಲಿ ಲ್ಯಾಂಡ್ ಅಂದರೆ ಹೊಲಗದ್ದೆ ಅಲ್ಲ. ಒಂದೇ ಕಥೆಯ ಸುತ್ತ ಬಣ್ಣ ಬಳಿದು, ಗಾರೆ ಮೆತ್ತಿ ಕಟ್ಟಿದ ಆಟಗಳ ಒಂದು ಮೂಲೆ. ಕಾಡಿನ ಲ್ಯಾಂಡ್, ಕಡಲ್ಗಳ್ಳರ ಲ್ಯಾಂಡ್, ಹೀಗೆ. ಆ ಬೋರ್ಡು ಕಂಡಿದ್ದೇ ತಡ, ಜಿಲ್ಲೆಯಲ್ಲಿದ್ದ ಅಂತರಿಕ್ಷದ ಭಕ್ತರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿಕೊಂಡರು. ಒಳಗೆ ಏನು ಬರುತ್ತದೆ, ಯಾವ ಗ್ರಹ ಬರುತ್ತದೆ, ಹಡಗು ಏರಬಹುದೋ ಅಥವಾ ಬರೀ ನಿಂತು ಫೋಟೋ ತೆಗೆಸಿಕೊಳ್ಳಬೇಕೋ — ಇದನ್ನು ಊಹಿಸುವುದೇ ಅವರ ಕೆಲಸ. ಮೀಸೆ ಹಣ್ಣಾದ ಗಂಡಸರು. ಮನೆಯಲ್ಲಿ ಗ್ಯಾಸ್ ಯಾವತ್ತು ಮುಗಿಯುತ್ತದೆಂದು ಊಹಿಸಲಾರದವರು.

ಬೇಲಿಗೆ ನೀಲಿ ತಗಡು ಹೊಡೆದರೆ ಅದು ಹಿಮದ ಗ್ರಹ. ಜಲ್ಲಿ ಸುರಿದರೆ ಉಲ್ಕೆ ಬಿದ್ದ ಹಳ್ಳ. ಒಮ್ಮೆ ಯಾರೋ ಬೇಲಿಯ ಸಂದಿಯಿಂದ ಫೋಟೋ ತೆಗೆದು ಹಾಕಿದರು. ಅದರಲ್ಲಿ ಒಂದು ದೊಡ್ಡ ಕಬ್ಬಿಣದ ಬಳೆ. ಅದು ಬೇರೆ ಲೋಕಕ್ಕೆ ಹೋಗುವ ಬಾಗಿಲೆಂದು ನಾಗಮಂಗಲದ ಕಾಲೇಜಿನ ಲೆಕ್ಚರರ್ ಒಬ್ಬರು ಪುಟಗಟ್ಟಲೆ ಬರೆದರು, ನಮ್ಮವರು ಅದನ್ನು ನನಗೆ ಎರಡು ಸಲ ಓದಿ ಹೇಳಿದರು. ನಾನು ಆ ಫೋಟೋ ನೋಡಿದೆ. ಅದು ನೀರಿನ ಸಂಪಿನ ಬಾಯಿ. ಪಕ್ಕದಲ್ಲಿ ಗಾರೆಯವನ ಊಟದ ಡಬ್ಬಿ ಇತ್ತು. ಕಾಂಕ್ರೀಟು ಕಲಸುವ ಯಂತ್ರದ ನೆರಳಲ್ಲಿ ಹಳೇ ಸೀರೆಯ ಜೋಲಿ ಕಟ್ಟಿ ಯಾರದೋ ಕೂಸನ್ನು ಮಲಗಿಸಿದ್ದರು — ಪುಟ್ಟ ಕಾಲೊಂದು ಹೊರಗೆ ಬಂದಿತ್ತು. ಅಷ್ಟು ಜನ ಆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರಲ್ಲ, ಒಬ್ಬನಿಗೂ ಆ ಕಾಲು ಕಾಣಲಿಲ್ಲ.

ಹೀಗೆ ನನಗೆ ತಿರಸ್ಕಾರ ಬೆಳೆಯಿತು. ಸದ್ದಿಲ್ಲದೆ, ನಗುನಗುತ್ತ. ನಾನು ದನಿ ಏರಿಸುವವಳಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಮೊದಲು ಕಲಿಸಿದ್ದೇ ಅದು. ಎರಡನೆಯದಾಗಿ ಕಲಿಸಿದ್ದು ಇಂಗ್ಲಿಷ್. ಆ ಗುಂಪಿನವರು ಬರೆಯುತ್ತಿದ್ದ ಇಂಗ್ಲಿಷ್ ನೋಡಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಅಪಾಸ್ಟ್ರಫಿ ಎಲ್ಲಿ ಬೇಕೋ ಅಲ್ಲಿಲ್ಲ, ಬೇಡದ ಕಡೆಯೆಲ್ಲ ಇದೆ. ಮತ್ತು ಮದುವೆಯಾದಾಗಿನಿಂದ ಆ ನನ್ನ ಇಂಗ್ಲಿಷ್ ಏನಾಗಿತ್ತು? ಔಷಧಿ ಚೀಟಿ ಓದುವುದು. ಮಿಕ್ಸಿಯ ಗ್ಯಾರಂಟಿ ಕಾರ್ಡು ಓದುವುದು. ಇದನ್ನು ನೆಪವಾಗಿ ಹೇಳುತ್ತಿಲ್ಲ...

ಒಂದು ಮಧ್ಯಾಹ್ನ ಪಾತ್ರೆ ತೊಳೆದು ಕೈ ಒರೆಸಿಕೊಂಡು ನಾನೂ ಆ ಗುಂಪಿಗೆ ಸೇರಿದೆ. ಅಲ್ಲಿ ಯಾವ ಹೆಸರಿನಲ್ಲಾದರೂ ಸೇರಬಹುದಿತ್ತು. ನಾನು ‘ಸ್ಯಾಮ್’ ಆದೆ. ಪಾರ್ಕಿನ ಒಳಗಿನ ಸುದ್ದಿ ಗೊತ್ತಿರುವ ಮನುಷ್ಯನ ಹಾಗೆ ಒಂದೆರಡು ಸಾಲು ಬರೆದೆ. ಗತ್ತಿನ, ಇಸ್ತ್ರಿ ಹಾಕಿದಂಥ ಇಂಗ್ಲಿಷ್. ಯಾರೂ ಸಾಕ್ಷಿ ಕೇಳಲಿಲ್ಲ. ಇಂಗ್ಲಿಷ್ ಚೆನ್ನಾಗಿದೆಯಲ್ಲ, ಅದೇ ಸಾಕ್ಷಿ. ವಾರ ಕಳೆಯುವುದರೊಳಗೆ ನಾನು ಅವರಿಗೆಲ್ಲ ‘ಸ್ಯಾಮ್ ಸರ್’. ನಮ್ಮವರು ಒಂದು ದಿನ ಊಟಕ್ಕೆ ಕುಳಿತಾಗ, ಸ್ಯಾಮ್ ಸರ್ ಬರೆಯುವುದನ್ನು ನೀನೂ ಸ್ವಲ್ಪ ಓದು, ನಿನ್ನ ಭಾಷೆಗೆ ತುಕ್ಕು ಹಿಡಿದಿದೆ ಎಂದರು. ನಾನು ಅವರ ಮುದ್ದೆಯ ಪಕ್ಕ ಇನ್ನೊಂದು ಸೌಟು ಸಾರು ಬಡಿಸಿದೆ. ಎಷ್ಟು ಸುಖವಾಗಿತ್ತು ಆ ಕ್ಷಣ — ಅದನ್ನೂ ಬರೆಯಬೇಕು. ಬಹಳ ಸುಖವಾಗಿತ್ತು.

ಆಗ ಗುಂಪಿನಲ್ಲಿ ನಡೆಯುತ್ತಿದ್ದ ಜಗಳ ನೀರಿನ ಗ್ರಹದ್ದು. ಯಾವುದೋ ಹೊಸ ಸಿನಿಮಾದಲ್ಲಿ ಎಲ್ಲ ಕಡೆ ನೀರೇ ಇರುವ ಗ್ರಹವೊಂದು ಬರುತ್ತದಂತೆ. ಅದನ್ನು ಪಾರ್ಕಿನಲ್ಲಿ ಹೇಗೆ ಕಟ್ಟುತ್ತಾರೆ ಎಂದು ಹೊಡೆದಾಟ. ಮೂರ್ಖತನಕ್ಕೆ ತಳ ಎಲ್ಲಿದೆ ನೋಡೋಣ ಅನ್ನಿಸಿತು. ಬರೆದೆ: ಹೊಸದಾಗಿ ಬರುವುದು ‘ತೊಣ್ಣೂರು ಲ್ಯಾಂಡ್’. ಇದು ಖಚಿತ. ಕೆರೆ, ಬಂಡೆಗಳು, ಕೆರೆ ಕೆಳಗಿನ ಗದ್ದೆ, ಎಲ್ಲವೂ ಪಾರ್ಕಿಗೆ ಬರುತ್ತವೆ.

ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು — ನಮ್ಮ ತೊಣ್ಣೂರಿನ ನಕಲನ್ನು ಗಾರೆಯಲ್ಲಿ ಮಾಡಿ, ಅದನ್ನೇ ಅನ್ಯಗ್ರಹ ಎಂದು ಟಿಕೆಟ್ ಹಾಕಿ ತೋರಿಸುತ್ತಾರೆ ಎಂದರೆ ಇವರು ನಂಬುತ್ತಾರೋ ಇಲ್ಲವೋ? ನಂಬಿದರು. ಕೆರೆಯ ತಿಳಿನೀರು, ಆ ಬಂಡೆಗಳು, ಅದಕ್ಕಿಂತ ಒಳ್ಳೆಯ ಗ್ರಹ ಎಲ್ಲಿದೆ ಎಂದರು. ಕೆ.ಆರ್. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಪ್ರದೀಪ ಎಂಬುವನು, ನಾಳೆಯೇ ತೊಣ್ಣೂರಿಗೆ ಹೋಗಿ ಅಸಲಿ ಜಾಗದ ಫೋಟೋ ತೆಗೆದು ತರುತ್ತೇನೆ, ಸೆಟ್ಟು ಹೇಗಿರುತ್ತದೆ ಎಂದು ಅಂದಾಜು ಮಾಡೋಣ ಎಂದ. ನಮ್ಮವರು ಅದನ್ನು ಶ್ರದ್ಧೆಯಿಂದ ಕನ್ನಡಕ್ಕೆ ತಂದು, ಹೆಮ್ಮೆಯಿಂದ ಊರಿನ ಗುಂಪುಗಳಿಗೆಲ್ಲ ಕಳಿಸಿದರು. ಲ್ಯಾಂಡ್ ಎಂಬ ಮಾತನ್ನು ಮಾತ್ರ ಹಾಗೇ ಬಿಟ್ಟರು. ಅದಕ್ಕೆ ಕನ್ನಡ ಎಲ್ಲಿದೆ ಎಂದರು.

ಮಾರನೆಯ ಬೆಳಿಗ್ಗೆಯೇ ನಾನು ಹೇಳಲು ಹೊರಟ ಬೆಳಿಗ್ಗೆ.

ಜಯಕ್ಕ ಹಿತ್ತಲ ಬಾಗಿಲಿನಿಂದ ಬಂದಳು. ಅವಳು ಯಾವಾಗಲೂ ಹಾಗೇ ಬರುತ್ತಿದ್ದದ್ದು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಗಂಡನ ಮನೆಯಲ್ಲಿ ಬಾಳದೆ ವಾಪಸು ಬಂದ ಮಗಳು ಸುಧಾ ಜೊತೆಗಿದ್ದಳು. ಇಬ್ಬರು ಹೆಂಗಸರು, ಒಂದು ಎಮ್ಮೆ, ಕೆರೆ ಕೆಳಗಿನ ಆ ಗದ್ದೆ. ಅವರ ಮನೆಯ ಅನ್ನ ಅಲ್ಲಿಂದ ಬರುತ್ತಿತ್ತು; ಅಂಗಡಿಯ ಅಕ್ಕಿ ತಿಂದರೆ ನಾಲಗೆಗೆ ಹತ್ತುವುದಿಲ್ಲ ಎಂದು ಅವಳು ಜಂಭದಿಂದ ಹೇಳುತ್ತಿದ್ದಳು. ಹೊಸ ಅಕ್ಕಿ ಬಂದಾಗ ನನಗೂ ಒಂದು ಮೊರದಷ್ಟು ಕೊಡುತ್ತಿದ್ದಳು. ಆ ಗದ್ದೆ ಮುಂದೆ ಸುಧಾಗೆ ಎಂದು ಬೀದಿಗೆಲ್ಲ ಗೊತ್ತಿತ್ತು.

ಅವಳ ಕೈಯಲ್ಲಿ ಮೊಬೈಲಿತ್ತು. ಮೊಬೈಲಿನ ಮೂಲೆಗೆ ಅರಿಸಿನ ಮೆತ್ತಿತ್ತು. ಮೈದುನ ನಿಂಗೇಗೌಡ ಕಳಿಸಿದ್ದನಂತೆ. ನಮ್ಮವರು ಬರೆದ ಅದೇ ಕನ್ನಡ, ಎಲ್ಲೆಲ್ಲೋ ಸುತ್ತಿ ನಮ್ಮ ಅಡುಗೆಮನೆಗೇ ಬಂದಿತ್ತು. ಮೈದುನ ಹೊತ್ತು ಮೂಡುವ ಮುಂಚೆಯೇ ಫೋನು ಮಾಡಿ, ಕೆರೆ ಕೆಳಗಿನ ಜಮೀನೆಲ್ಲ ಪಾರ್ಕಿಗೆ ಹೋಗುತ್ತದೆ, ಆಫೀಸು ಕೋರ್ಟು ಅಲೆಯುವುದು ನಿನ್ನ ಕೈಲಾಗುವುದಿಲ್ಲ, ಆ ಗದ್ದೆ ನನಗೆ ಬಿಟ್ಟುಕೊಡು, ಮೇಲುಕೋಟೆ ರಸ್ತೆಯ ದಿಣ್ಣೆಯ ಮೇಲಿರುವ ನನ್ನ ಹೊಲ ನೀನು ತಗೋ ಎಂದಿದ್ದನಂತೆ. ಪರಿಹಾರದ ದುಡ್ಡಿನ ಆಸೆ ಅವನಿಗೆ. ಜಯಕ್ಕನಿಗೆ ದುಡ್ಡು ಬೇಕಿರಲಿಲ್ಲ; ಮಗಳಿಗೆ ಒಂದಿಷ್ಟು ಮಣ್ಣು ಉಳಿಯಬೇಕಿತ್ತು, ಅಷ್ಟೇ. ಆದರೂ ಅವಳಿಗೆ ಅನುಮಾನ. ಅವಳು ಅಷ್ಟು ಸುಲಭಕ್ಕೆ ನಂಬುವ ಹೆಂಗಸಲ್ಲ.

ಅವಳು ಹೊಸಿಲ ಮೇಲೆ ಕುಳಿತು ಕೇಳಿದ್ದು ಇದು:

“ವೀಣಮ್ಮ, ನೀನು ಕಾನ್ವೆಂಟ್ನಲ್ಲಿ ಓದಿದೋಳು. ಇದ್ರಲ್ಲಿ ತೊಣ್ಣೂರು ಲ್ಯಾಂಡು ಅಂತ ಬರ್ದವ್ರಲ್ಲ, ಇಂಗ್ಲೀಸ್ನಲ್ಲಿ ಆ ಮಾತ್ಗೆ ಬ್ಯಾರೆ ಅರ್ಥ ಏನಾರ ಅದಾ?”

ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ನಾನೂ ಇಲ್ಲೇ ನಿಂತಿದ್ದೇನೆ, ಇಷ್ಟು ವರ್ಷದಿಂದ. ಎಷ್ಟು ನೇರವಾದ ಪ್ರಶ್ನೆ ಅದು! ಜಿಲ್ಲೆಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ಆ ಮೇಷ್ಟ್ರು, ಆ ಲೆಕ್ಚರರ್, ಯಾರೂ ಒಂದು ಮಾತನ್ನು ಹಿಡಿದು ಇದಕ್ಕೆ ಇನ್ನೊಂದು ಅರ್ಥ ಇರಬಹುದೇ ಎಂದು ಕೇಳಿದವರಲ್ಲ.

ಉತ್ತರ ನನಗೆ ಗೊತ್ತಿತ್ತು. ಇಡೀ ಬೀದಿಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ, ಬರೆದವಳೇ ನಾನು. ಎರಡು ಮಾತು ಸಾಕಿತ್ತು. ಅದು ಆಟದ ಸೆಟ್ಟು ಜಯಕ್ಕ, ನಿನ್ನ ಗದ್ದೆಯ ತಂಟೆಗೆ ಯಾರೂ ಬರುವುದಿಲ್ಲ — ಅಷ್ಟೇ. ದೋಸೆ ಮಗುಚುವಷ್ಟು ಹೊತ್ತೂ ಬೇಕಿರಲಿಲ್ಲ.

ಹೇಳಿದರೆ ಸಿಕ್ಕಿಬೀಳುತ್ತೇನೆ ಎಂಬ ಭಯವೇ? ಅಲ್ಲ. ಆ ಅರ್ಥ ನನಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಿರಲಿಲ್ಲ. ಕೇಳಿದ್ದರೆ ನಮ್ಮವರು ಹೇಳಿದರು ಎನ್ನಬಹುದಿತ್ತು. ನಾನು ಆ ಕ್ಷಣವನ್ನು ಎಷ್ಟೋ ಸಲ ಮಗುಚಿ ನೋಡಿದ್ದೇನೆ, ಕೆಳಗೆ ಸಿಗುವುದು ಒಂದೇ. ಅವಳ ಕೈಯಲ್ಲಿ ನನ್ನ ಸಾಲುಗಳನ್ನು ಕಂಡಾಗ ನನಗೆ — ಇವಳೂ! ಅನ್ನಿಸಿತು. ಆ ಮೂರ್ಖರ ಸಾಲಿನಲ್ಲಿ ಇವಳನ್ನೂ ನಿಲ್ಲಿಸಿಬಿಟ್ಟೆ. ಅವಳ ಪ್ರಶ್ನೆಯನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ‘ಇಂಗ್ಲೀಸ್’ ಎಂಬ ಉಚ್ಚಾರವನ್ನು ಕೇಳಿಸಿಕೊಂಡೆ. ಅರಿಸಿನ ಮೆತ್ತಿದ ಮೊಬೈಲನ್ನು ನೋಡಿದೆ. ಒಳಗೊಳಗೇ ನಕ್ಕೆ.

“ಲ್ಯಾಂಡ್ ಅಂದ್ರೆ ಜಮೀನು ಜಯಕ್ಕ,” ಎಂದೆ. “ಬೇರೆ ಇನ್ನೇನಿರತ್ತೆ?”

ಮೃದುವಾಗಿಯೇ ಹೇಳಿದೆ. ನಾನು ಯಾವಾಗಲೂ ಮೃದುವಾಗಿಯೇ ಹೇಳುವುದು.

ನಮ್ಮವರು ಆಗ ಸ್ನಾನಕ್ಕೆ ಹೋಗಿದ್ದರು. ಬಚ್ಚಲಿನಿಂದ ಚೊಂಬಿನ ಸದ್ದು ಬರುತ್ತಿತ್ತು. ಅವರು ಹಜಾರದಲ್ಲಿ ಇದ್ದಿದ್ದರೆ ಜಯಕ್ಕನ ಗದ್ದೆ ಉಳಿಯುತ್ತಿತ್ತು. ಯಾರಾದರೂ ಆ ವಿಷಯ ಕೇಳುವುದನ್ನೇ ಕಾಯುತ್ತಿದ್ದ ಮನುಷ್ಯ! ಕುರ್ಚಿ ಎಳೆದು ಕೂರಿಸಿ, ಲ್ಯಾಂಡ್ ಅಂದರೇನು, ಸೆಟ್ಟು ಅಂದರೇನು, ನೀರಿನ ಗ್ರಹ ಅಂದರೇನು ಎಂದು ಅವಳಿಗೆ ಸಾಕುಸಾಕಾಗುವಷ್ಟು ವಿವರಿಸುತ್ತಿದ್ದರು. ನಾನು ಯಾವ ಹುಚ್ಚನ್ನು ಕಂಡು ಮೂಗು ಮುರಿಯುತ್ತಿದ್ದೆನೋ ಆ ಹುಚ್ಚೇ ಅವಳನ್ನು ಕಾಪಾಡುತ್ತಿತ್ತು.

ಜಯಕ್ಕ ಸೆರಗಿನಿಂದ ಮೊಬೈಲಿನ ಅರಿಸಿನ ಒರೆಸಿದಳು. ಆಮೇಲೆ “ಅಂಗಾರೆ ದಿಟ್ವೇ ಬುಡು” ಎಂದು ಎದ್ದು ಹೋದಳು.

ಮಧ್ಯಾಹ್ನ ಗುಂಪು ತೆರೆದು ನೋಡಿದೆ. ಪ್ರದೀಪ ನಿಜವಾಗಿಯೂ ಬೈಕಿನಲ್ಲಿ ತೊಣ್ಣೂರಿಗೆ ಬಂದಿದ್ದ. ಕೆರೆ ಏರಿ, ಬಂಡೆ, ಗದ್ದೆಯ ಬದು, ಬದುವಿನ ಮೂಲೆಯ ಗಡಿಕಲ್ಲು, ಎಲ್ಲದರ ಫೋಟೋ ಹಾಕಿದ್ದ. ಒಂದರಲ್ಲಿ ತಲೆಗೆ ಟವೆಲು ಸುತ್ತಿದ ನಾಲ್ಕು ಜನ ಅವನನ್ನೇ ದಿಟ್ಟಿಸುತ್ತಿದ್ದರು. ಅದರ ಕೆಳಗೆ ಅವನು ಬರೆದಿದ್ದ — ಊರವರು ಏನು ಮಾಡುತ್ತಿದ್ದೀಯ ಎಂದು ಕೇಳಿದರು, ಇದೆಲ್ಲ ಪಾರ್ಕಿಗೆ ಬರುತ್ತದೆ ಎಂದೆ, ಪಾಪ, ಅವರಿಗೆ ಎಷ್ಟು ಆಶ್ಚರ್ಯ! ಅದಕ್ಕೆ ನಗುವ ಮುಖಗಳು ಬಿದ್ದಿದ್ದವು. ಆ ನಾಲ್ವರಲ್ಲಿ ಒಬ್ಬ ನಿಂಗೇಗೌಡ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಅವಸರವಿತ್ತು. ಗುಂಪಿನಲ್ಲಿ ಅದನ್ನು ಗುರುತಿಸಬಲ್ಲವಳು ನಾನೊಬ್ಬಳೇ. ಗುರುತಿಸಿದೆ. ಫೋನು ಮಗುಚಿಟ್ಟು ಕಡಲೆಬೇಳೆ ನೆನೆಹಾಕಿದೆ.

ಆಗಲೂ ಹೋಗಬಹುದಿತ್ತು. ಕಾಂಪೌಂಡಿನ ಗೋಡೆ ನನ್ನ ಎದೆಯೆತ್ತರ ಇತ್ತು, ಕೂಗಿದರೆ ಸಾಕಿತ್ತು. ನೋಂದಣಿ ಆಗುವವರೆಗೂ ಹೇಳಬಹುದಿತ್ತು — ಅದಲುಬದಲಿನ ಮಾತು ಯಾರ ಕಿವಿಗೂ ಬೀಳಬಾರದೆಂದು ಮೈದುನ ಬಾಯಿ ಕಟ್ಟಿದ್ದರಿಂದ ಜಯಕ್ಕ ಬೇರೆಯವರನ್ನು ಕೇಳಲಿಲ್ಲ, ನನ್ನೊಬ್ಬಳನ್ನೇ ಕೇಳಿದ್ದು. ಗದ್ದೆಯೂ ದಿಣ್ಣೆಯ ಹೊಲವೂ ಅದಲುಬದಲಾಗಿ ರಿಜಿಸ್ಟರ್ ಆಯಿತು. ಆಮೇಲೆ ತಾಲ್ಲೂಕು ಆಫೀಸಿನಲ್ಲಿ ಯಾರೋ ವಿಚಾರಿಸಿ, ಅಂಥದ್ದೇನೂ ಇಲ್ಲವೆಂದು ಗೊತ್ತಾಗಿ, ಊರು ನಕ್ಕು ಮರೆಯಿತು. ಜಯಕ್ಕ ಗದ್ದೆ ವಾಪಸು ಕೇಳಲು ಹೋದಾಗ ನಿಂಗೇಗೌಡ ನಾಟಿ ಹಾಕಿಸುತ್ತಿದ್ದನಂತೆ. ಕೊಟ್ಟಿದ್ದು ಕೊಟ್ಟಾಯಿತು ಅತ್ತಿಗೆ ಎಂದನಂತೆ. ಪರಿಹಾರ ಬರಲಿಲ್ಲವೆಂದು ಅವನಿಗೂ ಬೇಜಾರಂತೆ. ನಮ್ಮವರು ಅದನ್ನೆಲ್ಲ ಯಾವುದೋ ಅಣ್ಣತಮ್ಮಂದಿರ ಪಾಲುಪಾರೀಕತ್ತಿನ ವಿಷಯವೆಂದುಕೊಂಡರು. ಈಗಲೂ ಹಾಗೇ ಅಂದುಕೊಂಡಿದ್ದಾರೆ.

ಮತ್ತೆ ಆ ಲ್ಯಾಂಡ್? ಬಂತು. ಪಾರ್ಕಿನ ಹಳೆಯ ಬೇಲಿಯೊಳಗೇ, ವಾಹನ ನಿಲ್ಲಿಸುವ ಜಾಗದ ಹಿಂದೆ. ಕತ್ತಲೆಯ ಒಂದು ದೊಡ್ಡ ಕೋಣೆ, ಅಲುಗಾಡುವ ಕುರ್ಚಿಗಳು, ಬಾಗಿಲಲ್ಲಿ ತಗಡಿನ ಒಬ್ಬ ಯಂತ್ರಮಾನವ. ನೀರೂ ಇಲ್ಲ, ಗ್ರಹವೂ ಇಲ್ಲ. ಗುಂಪಿನವರು ವಾರವಿಡೀ ಗೋಳಾಡಿ, ಸ್ಯಾಮ್ ಸರ್‌ನನ್ನು ಮೋಸಗಾರ ಎಂದು ಬೈದು, ಮರುವಾರ ಆ ಕೋಣೆಯ ಮೇಲೆ ಇನ್ನೊಂದು ಮಹಡಿ ಏಳುತ್ತದೆಯೇ ಎಂದು ಊಹಿಸಲು ಕುಳಿತರು. ಅಷ್ಟೇ ಅವರ ನಷ್ಟ. ನಾನು ಅವರನ್ನು ಇಂದಿಗೂ ಗೌರವಿಸಲಾರೆ. ಪಶ್ಚಾತ್ತಾಪ ಬಂದಿತೆಂದು ಆ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಆದರೆ ಅವರು ಯಾರ ಗದ್ದೆಯನ್ನೂ ಕಳೆಯಲಿಲ್ಲ. ಇಲ್ಲದ್ದನ್ನು ಇದೆ ಎಂದು ನಂಬಿದರು, ಸುಖಪಟ್ಟರು. ನಾನು ಏನನ್ನೂ ನಂಬಲಿಲ್ಲ. ಎಲ್ಲವನ್ನೂ ನೋಡಿದೆ — ಕೂಸಿನ ಕಾಲು, ಗಾರೆಯವನ ಡಬ್ಬಿ, ಅರಿಸಿನ. ನೋಡುವುದು ಅಂದರೆ ಕರುಣೆ ಎಂದು ಎಷ್ಟು ಕಾಲ ಅಂದುಕೊಂಡಿದ್ದೆ!

ದಿಣ್ಣೆಯ ಮೇಲೆ ಹುರುಳಿ ಬೆಳೆಯುತ್ತದೆ, ಮಳೆ ಬಂದರೆ ರಾಗಿ. ಜಯಕ್ಕ ಈಗ ತಿಂಗಳಿಗೊಮ್ಮೆ ಸೊಸೈಟಿಯ ಮುಂದೆ ಸಾಲಿನಲ್ಲಿ ನಿಂತು ಪಡಿತರದ ಅಕ್ಕಿ ತರುತ್ತಾಳೆ. ಚೀಲವನ್ನು ಸೊಂಟಕ್ಕಿಟ್ಟುಕೊಂಡು ನಮ್ಮ ಮನೆಯ ಮುಂದೆಯೇ ಹೋಗುತ್ತಾಳೆ. ನಡೆಯುವಾಗ ಅದರ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರು ಶನಿವಾರ ಚರ್ಚಿನ ಮರದ ಜಾಲರಿಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡು ಬಂದು ಹಗುರಾಗಿ ಕುಂಟಾಬಿಲ್ಲೆ ಆಡುತ್ತಿದ್ದರು. ನಾವು ಹಿಂದೂ ಹುಡುಗಿಯರು ಹೊರಗೆ ನಿಂತು ನೋಡುತ್ತಿದ್ದೆವು. ಆ ಹಗುರು ನನಗೆ ಬೇಡ. ಇದು ಅಚ್ಚಿಗೆ ಹೋಗುವ ಮೊದಲು ಜಾಲರಿಯಿಲ್ಲದೆ ಹೋಗಿ ಜಯಕ್ಕನ ಮುಂದೆ ಕೂತು ನಾನೇ ಓದಿ ಹೇಳುತ್ತೇನೆ, ಸುಧಾ ಮನೆಯಲ್ಲಿರುವ ಹೊತ್ತಿನಲ್ಲಿ. ನಮ್ಮವರಿಗೂ ಅಂದೇ ಹೇಳುತ್ತೇನೆ. ಆಮೇಲೆ ಅವಳು ಏನು ಅಂದರೂ ಅದು ನನ್ನದು.

ಅವಳು ಬೈದರೆ ತಡೆದುಕೊಳ್ಳಬಲ್ಲೆ. ತಡೆಯಲಾಗದ್ದು ಆ ದಿನದ ಸಂಜೆ ಅವಳು ಆಡಿದ ಮಾತು. ದೀಪ ಹಚ್ಚುವ ಹೊತ್ತು. ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯ ಆಚೆ ಅವಳು ಎಮ್ಮೆಗೆ ಹುಲ್ಲು ಹಾಕುತ್ತ, ಮೈದುನನಿಗೆ ಒಪ್ಪಿಗೆ ಹೇಳಿ ಕಳಿಸಿದೆ ಎಂದಳು. ನನ್ನ ಕೈಯಲ್ಲಿ ನಮ್ಮವರ ಅಂಗಿ ಇತ್ತು, ಒಂದು ಗುಂಡಿ ಸಡಿಲವಾಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದಿದ್ದೆ — ದೇವರಾಣೆ ತೆರೆದಿದ್ದೆ — ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗದೆಯೇ, ಹುಲ್ಲಿನ ಕಂತೆ ಬಿಚ್ಚುತ್ತ ಅಂದಳು:

“ಅವ್ನ್ ಮಾತ ನಾನೆಲ್ಲಿ ನಂಬ್ತಿದ್ದೆ ಕಣವ್ವ. ನೀನ್ ಯೋಳ್ದೆ ನೋಡು, ಅದ್ಕೇ ಊಂ ಅಂದ್ಬುಟ್ಟೆ.”